ಚರಂಡಿ ಯಾರ ಲೆಕ್ಕಕ್ಕೆ? ಒಂದು ಗ್ರಾಮಸಭೆಯ ದಿನ

ನೋಟಿಸಿನಲ್ಲಿ ಗ್ರಾಮಸಭೆ ಹನ್ನೊಂದು ಗಂಟೆಗೆ ಎಂದಿತ್ತು. 2023ರ ಡಿಸೆಂಬರ್, ಹತ್ತಿ ಬಿಡಿಸುವ ಕಾಲ. ದಲಿತ ಕೇರಿಯ ಹೆಂಗಸರು ಬೆಳಿಗ್ಗೆ ಎಂಟಕ್ಕೇ ಟಂಟಂ ಏರಿ ಹೊಲ ಸೇರಿರುತ್ತಾರೆ, ಹನ್ನೊಂದಕ್ಕೆ ಸಭೆಗೆ ಬರುವವರು ಊರಲ್ಲಿರುವ ಗಂಡಸರು ಮಾತ್ರ. ಅದಕ್ಕೇ ಹಿಂದಿನ ವಾರದ ವಾರ್ಡ್ ಸಭೆಯಲ್ಲಿ ಒಂದು ಸಾಲು ನಡಾವಳಿಗೆ ಹಾಕಿಸಲಾಗಿತ್ತು: ಬಚ್ಚಲು ನೀರಿನ ವಿಷಯವನ್ನು ಸಂಜೆ ನಾಲ್ಕರ ನಂತರ ತೆಗೆದುಕೊಳ್ಳಬೇಕು. ಆ ಸಾಲು ಇಲ್ಲದಿದ್ದರೆ ಉಳಿದದ್ದು ಯಾವುದೂ ನಡೆಯುತ್ತಿರಲಿಲ್ಲ. ಕೋರಂ ಏನೋ ಆಗಿಬಿಡುತ್ತದೆ. ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟಿದ್ದರೆ ಸಾಕು. ಅದರಲ್ಲಿ ಶೇ 30 ಹೆಂಗಸರಿರಬೇಕು ಎಂಬುದನ್ನು ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಕೂರಿಸಿ ತುಂಬಿಸುವುದು ಎಲ್ಲ ಕಡೆಯ ರೂಢಿ.

ಊರು ಎರೆ (ಕಪ್ಪು ಜಿಗುಟು ಮಣ್ಣು) ಸೀಮೆಯದು, ಜನಸಂಖ್ಯೆ ಸುಮಾರು 3,200. ಮೇಲಿನ ಓಣಿಗಳ ಬಚ್ಚಲು ನೀರೆಲ್ಲ ಇಳಿದು ಬಂದು ತಗ್ಗಿನಲ್ಲಿರುವ ದಲಿತ ಕೇರಿಯ ಮುಂದೆ ನಿಲ್ಲುತ್ತದೆ. ಮನೆಮನೆಗೆ ನಲ್ಲಿ ಬಂದ ಮೇಲೆ ಇದು ಹೆಚ್ಚಾಯಿತು. ಜಲ ಜೀವನ್ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್, ಅಂದರೆ ಊರಿಗೆ 1,76,000 ಲೀಟರ್. ಅದರಲ್ಲಿ ಶೇ 70ರಷ್ಟು ಸ್ನಾನ, ಪಾತ್ರೆ, ಬಟ್ಟೆಯ ನೀರಾಗಿ ಹೊರಬೀಳುತ್ತದೆ ಎಂದು ಹಿಡಿದರೂ ದಿನಕ್ಕೆ 1,23,200 ಲೀಟರ್. ನೀರು ಬರುವ ಪೈಪಿಗೆ ಎಸ್ಟಿಮೇಟ್ ಆಗಿತ್ತು, ಹೋಗುವ ದಾರಿಗೆ ಆಗಿರಲಿಲ್ಲ.

‘ಹಣ ಎಲ್ಲಿದೆ?’ ಎಂಬುದು ಸಭೆಯಲ್ಲಿ ಮೊದಲು ಬರುವ ಮಾತು. ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆ ಅದನ್ನು ಡ್ರಾಯಿಂಗ್ ಶೀಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಸ್ವಚ್ಛ ಭಾರತ್ ಮಿಷನ್ನಿನ ಎರಡನೇ ಹಂತದಲ್ಲಿ 5,000ದವರೆಗಿನ ಜನಸಂಖ್ಯೆಯ ಊರಿಗೆ ಬೂದು ನೀರಿನ, ಅಂದರೆ ಬಚ್ಚಲು ನೀರಿನ, ನಿರ್ವಹಣೆಗೆ ತಲೆಗೆ 280 ರೂಪಾಯಿವರೆಗೆ ಸಿಗುತ್ತಿತ್ತು. 3,200 ಜನಕ್ಕೆ 8,96,000 ರೂಪಾಯಿ. ಇದರಲ್ಲಿ ಶೇ 70, ಅಂದರೆ 6,27,200 ಮಿಷನ್ನಿನಿಂದ. ಉಳಿದ 2,68,800 ರೂಪಾಯಿಯನ್ನು ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. 2021ರಿಂದ 2026ರ ಅವಧಿಯ ಆ ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕಷ್ಟೇ: ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ನೈರ್ಮಲ್ಯದ ಪಾಲನ್ನು ಸಿಸಿ ರಸ್ತೆಗೆ ತಿರುಗಿಸಲು ಬರುತ್ತಿರಲಿಲ್ಲ. ಈ ನಾಲ್ಕು ಅಂಕಿ ಗೋಡೆಯ ಮೇಲಿದ್ದರೆ ‘ನೋಡೋಣ, ಅನುದಾನ ಬರಲಿ’ ಎಂಬ ಉತ್ತರ ಹೊರಡುವುದೇ ಕಷ್ಟ.

ಬೆಳಿಗ್ಗೆ ಗೌಂಡಿಯೊಬ್ಬರ ಜೊತೆ ಓಣಿ ಸುತ್ತಿದ್ದು ಸಭೆಗಿಂತ ಹೆಚ್ಚು ಪ್ರಯೋಜನಕ್ಕೆ ಬಂತು. ಕೈಯಲ್ಲಿದ್ದದ್ದು ಟ್ಯೂಬ್ ಲೆವೆಲ್, ಒಂದು ಪಾರದರ್ಶಕ ಪೈಪು, ಒಳಗೆ ನೀರು. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ಮೊದಲು ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ಬರುತ್ತದೆಯೇ ನೋಡಿಕೊಳ್ಳಬೇಕು. ಆಮೇಲೆ ಹತ್ತು ಹತ್ತು ಮೀಟರಿಗೆ ಇಬ್ಬರು ನಿಂತು ನೆಲದಿಂದ ನೀರಿನ ಮಟ್ಟದ ಎತ್ತರ ಬರೆದುಕೊಳ್ಳುವುದು. ಚರಂಡಿಗೆ 200ಕ್ಕೆ 1ರ ಇಳಿಜಾರು ಬೇಕೆಂದರೆ ಹತ್ತು ಮೀಟರಿಗೆ ಐದು ಸೆಂಟಿಮೀಟರ್ ಇಳಿಯಬೇಕು. ಗುಡಿಯ ಹಿಂದಿನ ತುಂಡಿನಲ್ಲಿ ಇಳಿಯುವ ಬದಲು ಮೂರು ಸೆಂಟಿಮೀಟರ್ ಏರಿತ್ತು. ಹಳೆಯ ಚರಂಡಿ ಅಲ್ಲೇ ಸದಾ ಕಟ್ಟಿಕೊಳ್ಳುತ್ತಿದ್ದದ್ದಕ್ಕೆ ಕಾರಣ ಇದೇ, ಕೇರಿಯವರು ಕಸ ಹಾಕುತ್ತಾರೆ ಎಂಬುದಲ್ಲ. ಎಸ್ಟಿಮೇಟಿನ ನಕ್ಷೆಯಲ್ಲಿ ಈ ತುಂಡು ನೇರ ಗೆರೆಯಾಗಿ ಮಲಗಿತ್ತು.

ಸಭೆ ಕಾವೇರಿದ್ದು ಇಂಗುಗುಂಡಿಯ ಮಾತಿಗೆ. ‘ಮನೆಗೊಂದು ಇಂಗುಗುಂಡಿ’ ಎಂಬುದು ಸಿದ್ಧ ಯೋಜನೆ. ಒಂದು ಮೀಟರ್ ಉದ್ದ, ಅಗಲ, ಆಳ, ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣದು, ಮುಂದೆ ಮಣ್ಣು ತಡೆಯುವ ಚೇಂಬರ್, ಬಾವಿ ಬೋರಿನಿಂದ ಕನಿಷ್ಠ ಹತ್ತು ಮೀಟರ್ ದೂರ. ಕೇಳಲು ಚೆನ್ನ, ಎಲ್ಲರಿಗೂ ಸಮಾನ. ಆದರೆ ಇದಕ್ಕೆ ಹಿತ್ತಲು ಬೇಕು, ನೀರು ಕುಡಿಯುವ ನೆಲ ಬೇಕು. ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಳಗೆ ಎರೆ. ಹಿಂದಿನ ದಿನ ಒಂದು ಅಡಿ ಆಳದ ಗುಣಿ ತೆಗೆದು ನೀರು ತುಂಬಿಸಿ ನೆನೆಸಿದ್ದರು. ಬೆಳಿಗ್ಗೆ ಮತ್ತೆ ತುಂಬಿಸಿ ಒಂದು ತಾಸು ಬಿಟ್ಟು ಸ್ಕೇಲ್ ಇಟ್ಟರೆ ನೀರು ಅಲುಗಿರಲಿಲ್ಲ. ಒದ್ದೆಯಾದ ಎರೆ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನ ಓಣಿಯ ಗರಸು ನೆಲದಲ್ಲಿ ಅದೇ ಅಳತೆಯ ಗುಣಿ ತಾಸಿನೊಳಗೆ ಅರ್ಧ ಖಾಲಿ.

ಅಂದ ಮೇಲೆ ಇಂಗುಗುಂಡಿ ತೋಡಬೇಕಾದದ್ದು ಮೇಲೆ. ಅಲ್ಲಿ ಇಂಗಿದ ಪ್ರತಿ ಲೀಟರ್ ಕೆಳಗೆ ಬರುವುದಿಲ್ಲ. ಉಳಿದ ನೀರಿಗೆ ಕೇರಿಯ ಮುಂದೆ ಮುಚ್ಚಿದ ಚರಂಡಿ, ಊರಾಚೆ ಸ್ಥಿರೀಕರಣ ಕೊಳ, ಅಂದರೆ ಕೊಳೆನೀರು ನಿಂತು ತಿಳಿಯಾಗುವ ಹೊಂಡ. ‘ಕೇರಿಯ ಸಮಸ್ಯೆಗೆ ನಮ್ಮ ಹಿತ್ತಲು ಯಾಕೆ ಅಗೆಯಬೇಕು?’ ಎಂದು ಒಬ್ಬರು ಎದ್ದರು. ‘ನೀರು ಯಾರದಣ್ಣ?’ ಎಂದು ಹತ್ತಿ ಬಿಡಿಸಿ ಬಂದಿದ್ದ ಹೆಂಗಸೊಬ್ಬಳು ಕೂತಲ್ಲಿಂದಲೇ ಕೇಳಿದಳು. ಸ್ವಲ್ಪ ಹೊತ್ತು ಮೈಕಿಗೆ ಯಾರೂ ಕೈ ಚಾಚಲಿಲ್ಲ.

ನಿಜವಾದ ಪೇಚು ಇದ್ದದ್ದು ಮಾತಿನಲ್ಲಲ್ಲ, ಕರಡು ಕ್ರಿಯಾಯೋಜನೆಯ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಖರ್ಚನ್ನು ಯಾವ ಹಣದಲ್ಲಿ ಬರೆಯುವುದು ಎಂಬುದರಲ್ಲಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 24.10 ಪರಿಶಿಷ್ಟರಿಗೆ ಮೀಸಲು: ಜಾತಿಗೆ 17.15, ಪಂಗಡಕ್ಕೆ 6.95. ಕೇರಿಯ ಮುಂದಿನ ಚರಂಡಿಯನ್ನು ಅದರಲ್ಲಿ ಹಾಕಿದ್ದರು. ಊರಿನ ಅಷ್ಟೂ ನೀರು ಹೊರುವ ಚರಂಡಿ, ಬಿಲ್ಲು ಮಾತ್ರ ಕೇರಿಯ ಪಾಲಿನಿಂದ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ. ವರ್ಷದ ಕೊನೆಗೆ ಆ ಶೇ 24.10 ಖರ್ಚಾಗಿದೆ ಎಂದು ತೋರಿಸಬೇಕು, ಕಾಮಗಾರಿಯ ಜಾಗ ಕೇರಿಯಲ್ಲಿದೆ, ಅಷ್ಟೇ. ಆದರೆ ಹೀಗೆ ಹೋದ ಹಣದಲ್ಲಿ ಕೇರಿಯವರಿಗೆಂದೇ ಆಗಬೇಕಿದ್ದದ್ದು ತಪ್ಪುತ್ತದೆ. ನಮ್ಮ ಮಟ್ಟಿಗೆ ಪರಿಸರ ನ್ಯಾಯ ಎಂಬ ದೊಡ್ಡ ಮಾತು ಪಂಚಾಯಿತಿಯಲ್ಲಿ ನಿಂತಿರುವುದು ಈ ಒಂದು ಕಾಲಮ್ಮಿನ ಮೇಲೆ. ವಾದ ಅರ್ಧ ತಾಸು ನಡೆಯಿತು. ಕೊನೆಗೆ ಚರಂಡಿ ಆಯೋಗದ ನೈರ್ಮಲ್ಯದ ಪಾಲಿಗೆ ಹೋಯಿತು.

ಆಮೇಲಿನ ಕೆಲಸ ನಡಾವಳಿ ಬರೆಸುವುದು. ‘ಚರಂಡಿ ಕಾಮಗಾರಿ ಕೈಗೊಳ್ಳಲು ಚರ್ಚಿಸಿ ಅನುಮೋದಿಸಲಾಯಿತು’ ಎಂಬ ಸಾಲು ಯಾರನ್ನೂ ಕಟ್ಟಿಹಾಕುವುದಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಇಳಿಜಾರು, ಮುಚ್ಚಿದ್ದೋ ತೆರೆದದ್ದೋ, ಯಾವ ಲೆಕ್ಕಶೀರ್ಷಿಕೆ, ಮೊದಲು ಮೇಲಿನ ಇಂಗುಗುಂಡಿಯೋ ಕೆಳಗಿನ ಚರಂಡಿಯೋ, ಇಷ್ಟೂ ಅದರಲ್ಲಿರಬೇಕು. ಬರೆದದ್ದನ್ನು ಮೈಕಿನಲ್ಲಿ ಓದಿದ ಮೇಲೆಯೇ ಸಹಿ. ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ. ಬೆಳಿಗ್ಗೆ ಹಾಜರಾತಿ ಎಂದು ಹಾಕಿಸಿಕೊಂಡ ಸಹಿಗಳು ಸಂಜೆ ನಿರ್ಣಯಕ್ಕೆ ಒಪ್ಪಿಗೆಯಾಗಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ, ಆದ್ದರಿಂದ ಹಾಜರಾತಿ ಹಾಳೆ ಬೇರೆ, ನಡಾವಳಿಯ ಹಾಳೆ ಬೇರೆ, ಎರಡಕ್ಕೂ ಪುಟಸಂಖ್ಯೆ. ಅದೇ ದಿನ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಪಂಚಾಯಿತಿಯ ಯೋಜನೆ, ಲೆಕ್ಕ ದಾಖಲಾಗುವ ಇ-ಗ್ರಾಮ ಸ್ವರಾಜ್ ಪೋರ್ಟಲಿಗೆ ಏರುವಾಗ ಶೀರ್ಷಿಕೆ ಬದಲಾದರೆ ಹೋಲಿಸಲು ಅದು ಬೇಕಾಗುತ್ತದೆ. ಯೋಜನೆಯಲ್ಲಿ ಏರದ ಕಾಮಗಾರಿಗೆ ಆಯೋಗದ ಹಣ ಬಿಡುಗಡೆ ಮಾಡಲು ಬರುತ್ತಿರಲಿಲ್ಲ.

ಕಟ್ಟುವುದಕ್ಕೆ ಹಣ ಉಂಟು, ನಡೆಸುವುದಕ್ಕೆ ಕಷ್ಟ. ಚೇಂಬರಿನ ಹೂಳನ್ನು ಹದಿನೈದು ದಿನಕ್ಕೊಮ್ಮೆ ತೆಗೆಯದಿದ್ದರೆ ಸೋಪಿನ ಜಿಡ್ಡು, ಕೂದಲು, ಅನ್ನದಗುಳು ಕಲ್ಲಿನ ಸಂದು ಸೇರಿ ಇಂಗುಗುಂಡಿ ಸಾಯುತ್ತದೆ, ಆಮೇಲೆ ಕಲ್ಲೆಲ್ಲ ಹೊರತೆಗೆದು ತೊಳೆಯಬೇಕು. ಆಯೋಗದ ಮುಕ್ತ (ನಿರ್ಬಂಧವಿಲ್ಲದ) ಅನುದಾನವನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಈ ಖರ್ಚು ಹೆಚ್ಚಾಗಿ ಮನೆ ಕರ, ನೀರಿನ ಕರದ ಮೇಲೆ ಬೀಳುತ್ತಿತ್ತು. ಚೇಂಬರ್ ತೆಗೆಯುವ ಕೆಲಸಕ್ಕೆ ಮತ್ತೆ ಕೇರಿಯವರನ್ನೇ ಕರೆಯುವ ಅಭ್ಯಾಸವೂ ಇದೆ. ಸ್ವಂತ ಚೇಂಬರ್ ಮನೆಯವರೇ ತೆಗೆಯಬೇಕೆಂದು ನಡಾವಳಿಯಲ್ಲಿ ಬರೆಸಿದ್ದು ಅದಕ್ಕೇ.

ಜನ ಸಭೆಗೆ ಬರುವುದಕ್ಕೂ ಖರ್ಚಿದೆ, ಅರ್ಧ ದಿನದ ಕೂಲಿ. ಅದಕ್ಕೆ ಯಾವ ಶೀರ್ಷಿಕೆಯೂ ಇಲ್ಲ. ಮೈಕು, ಚಹಾ ಪಂಚಾಯಿತಿಯ ಸ್ವಂತ ನಿಧಿಯಿಂದ. ಸ್ವಚ್ಛ ಭಾರತ್ ಮಿಷನ್ನಿನಲ್ಲಿ ಅರಿವು ಮೂಡಿಸಲು ಶೇ 5ರವರೆಗೆ ಇತ್ತು, ಅದರಲ್ಲಿ ಶೇ 2 ಕೇಂದ್ರ ಮಟ್ಟಕ್ಕೆ, ಶೇ 3 ರಾಜ್ಯ ಮತ್ತು ಜಿಲ್ಲೆಗೆ. ಊರಿಗೆ ತಲುಪುತ್ತಿದ್ದದ್ದು ಗೋಡೆ ಬರಹ. ಒಂದು ಗೋಡೆ ಬರಹದ ದುಡ್ಡಿನಲ್ಲಿ ಗೌಂಡಿಯ ಒಂದು ದಿನದ ಕೂಲಿ, ಪೈಪು ಎರಡೂ ಬರುತ್ತಿದ್ದವು.

ಮುಂದಿನ ಗಡುವು ಜಮಾಬಂದಿ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ದಿನ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ. ಅಂದು ಒಯ್ಯಬೇಕಾದದ್ದು ನಡಾವಳಿಯ ಪ್ರತಿ, ಮೂವತ್ತು ಮೀಟರಿನ ಟೇಪು ಮತ್ತು ಅದೇ ಟ್ಯೂಬ್ ಲೆವೆಲ್. ಎಂ.ಬಿ. ಪುಸ್ತಕದಲ್ಲಿ (ಕಾಮಗಾರಿಯ ಅಳತೆ ಪುಸ್ತಕ) ಬರೆದ ಉದ್ದವನ್ನು ನೆಲದ ಮೇಲೆ ಅಳೆಯಬೇಕು, ಗುಡಿಯ ಹಿಂದಿನ ತುಂಡಿನ ಇಳಿಜಾರು ನೋಡಬೇಕು, ನಗದು ಪುಸ್ತಕದಲ್ಲಿ ಶೇ 24.10ರ ಪುಟ ತೆರೆಸಿ ಚರಂಡಿಯ ಬಿಲ್ಲು ಅಲ್ಲಿ ನುಸುಳಿದೆಯೇ ಎಂದು ಹುಡುಕಬೇಕು.