ಯಾರ ಮನೆಯಲ್ಲಿ ಯಾರಿದ್ದಾರೆ

ತುಂಗೆಯಲ್ಲಿ ನೀರು ಎಷ್ಟು ಬಂದಿದೆ ಎಂದು ಶಿವಮೊಗ್ಗದವರಿಗೆ ಯಾರೂ ಹೇಳಬೇಕಾಗಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿರುವ ಮಂಟಪ ಮುಳುಗಿತಾ ಇಲ್ವಾ, ಅಷ್ಟು ಗೊತ್ತಾದರೆ ಸಾಕು. ಮುಳುಗಿದರೆ ಜನ ಕೊಡೆ ಹಿಡಿದುಕೊಂಡು ನೋಡಲು ಹೋಗುತ್ತಾರೆ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, 2019ರ ಆಗಸ್ಟ್‌ನಲ್ಲಿ, ಆ ನೀರು ಮನೆಗಳಿಗೇ ಬಂತು. ಕುಂಬಾರಗುಂಡಿ, ಬಾಪೂಜಿನಗರ, ವಿದ್ಯಾನಗರದ ಕಡೆ ಎಷ್ಟೋ ಮನೆಗಳಲ್ಲಿ ಮಂಚ, ಟಿವಿ, ಅಕ್ಕಿ ಡಬ್ಬ ಎಲ್ಲ ಕೆಸರಲ್ಲಿ ಬಿದ್ದಿದ್ದವು.

ಶಿವಮೊಗ್ಗಕ್ಕಿಂತ ಮೇಲೆ ತುಂಗೆಗೆ ಕಟ್ಟಿದ ಗಾಜನೂರು ಡ್ಯಾಂ ಇದೆಯಲ್ಲ, ನೀರು ತಡೆಯುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. ಅದು ಹಿಡಿಯುವುದೇ 3.24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಲಕ್ಕವಳ್ಳಿಯ ಭದ್ರಾ ಡ್ಯಾಂ 71.5 ಟಿಎಂಸಿ ಹಿಡಿಯುತ್ತದೆ, ಹೋಲಿಸಿ ನೋಡಿ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದರೆ ಗಾಜನೂರಿಗೆ ಬಂದಷ್ಟೂ ನೀರನ್ನು ಕೆಳಗೆ ಬಿಡಲೇಬೇಕು, ಬೇರೆ ದಾರಿಯಿಲ್ಲ. ಪೇಟೆಯಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರಬಹುದು. ಇದನ್ನು ನಮಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವರು ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಳ್ಳುತ್ತಿದ್ದ ನಮ್ಮ ಮೇಡಂ.

ನೀರು ಇಳಿದ ಮೇಲೆ ಅವರು ನಮ್ಮನ್ನು ಕುಂಬಾರಗುಂಡಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಪೊರಕೆ, ಬಕೆಟ್. ಆದರೆ ಮೊದಲು ಅವರು ಹೇಳಿದ್ದು ಪೊರಕೆ ಕೆಳಗಿಡಿ, ಫೋನ್ ತೆಗೀರಿ ಅಂತ. ಗೋಡೆ ಬಿರುಕು ಬಿಟ್ಟಿದ್ದು, ನೀರು ನಿಂತ ಗುರುತು, ಹಾಳಾದ ಸಾಮಾನು, ಎಲ್ಲದರ ಫೋಟೊ ಮೊದಲು. ತೊಳೆದು ಚೊಕ್ಕ ಮಾಡಿದ ಮನೆಯನ್ನು ತೋರಿಸಿ ನೀರು ಇಷ್ಟೆತ್ತರ ಬಂದಿತ್ತು ಎಂದರೆ ಸರ್ವೆಗೆ ಬಂದವರು ಹೇಗೆ ನಂಬಬೇಕು? ಆ ವರ್ಷ ಸರ್ಕಾರ ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಹೇಳಿತ್ತು. ಅದು ಕೈಗೆ ಸೇರಬೇಕಾದರೆ ಆಧಾರ್, ಪಾಸ್‌ಬುಕ್, ಮನೆ ಪತ್ರ ಬೇಕು. ಅವೇ ನೀರಲ್ಲಿ ನೆನೆದು ಮುದ್ದೆಯಾಗಿದ್ದವು. ಒಂದು ಮನೆಯ ಜಗಲಿಯಲ್ಲಿ ಕೂತು ನಾನೂ ಗೆಳತಿಯೂ ಒಬ್ಬ ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಹಳೇ ಪೇಪರ್ ಮಧ್ಯೆ ಇಟ್ಟು ಒಣಗಿಸಿದೆವು. ಅವನು ಎದ್ದು ಹೋಗಲೇ ಇಲ್ಲ, ಅಲ್ಲೇ ಕೂತು ನೋಡುತ್ತಿದ್ದ. ದೋಣಿಯಲ್ಲಿ ಜನರನ್ನು ಕರೆತರುವುದು ಟಿವಿಯಲ್ಲಿ ಬರುತ್ತದೆ, ಈ ಕೆಲಸ ಬರುವುದಿಲ್ಲ. ನನ್ನ ಪ್ರಕಾರ ಇದು ಅದಕ್ಕಿಂತ ಒಂಚೂರೂ ಕಡಿಮೆಯಲ್ಲ.

ಅದಾದ ಮೇಲೆ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕ್ಯಾಂಪ್. ರಸ್ತೆ ಗುಡಿಸುವುದು, ಗಿಡ ನೆಡುವುದು ಈ ಸಲ ಬೇಡ, ಮಳೆಗಾಲಕ್ಕೆ ಊರನ್ನು ತಯಾರು ಮಾಡೋಣ ಎಂದು ಮೇಡಂ ಮೊದಲೇ ತೀರ್ಮಾನಿಸಿದ್ದರು. ಮಲೆನಾಡಿನ ಹಳ್ಳಿ ಗೊತ್ತಲ್ವಾ, ಊರು ಅಂತ ಒಂದು ಕಡೆ ಇರುವುದಿಲ್ಲ. ಇಲ್ಲೊಂದು ಮನೆ, ತೋಟ ದಾಟಿ, ಹಳ್ಳ ದಾಟಿ, ಗುಡ್ಡ ಹತ್ತಿದರೆ ಇನ್ನೊಂದು. ನಾವು ಪ್ರತಿ ಮನೆಗೂ ಹೋದೆವು. ಕಾಲಿಗೆ ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚಿಕೊಂಡೇ ಹೋದೆವು, ಯಾಕೆಂದರೆ ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಜ್ವರ, ಉಣುಗು ಕಚ್ಚಿ ಬರುತ್ತದೆ. ಹಿಂದಿನ ವರ್ಷವಷ್ಟೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದರಿಂದ ಸಾವುಗಳಾಗಿದ್ದವು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ ಎಂದು ಪ್ರತಿ ಮನೆಯಲ್ಲೂ ಹೇಳಿದೆವು.

ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬರೆದೆವು. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ಬರೆದದ್ದು ಇಷ್ಟೇ: ಯಾರ ಮನೆಯಲ್ಲಿ ಯಾರಿದ್ದಾರೆ. ಹಾಸಿಗೆ ಹಿಡಿದ ಅಜ್ಜ ಯಾವ ಮನೆಯಲ್ಲಿ, ಮಳೆಗಾಲದಲ್ಲಿ ಹೆರಿಗೆ ಇರುವುದು ಯಾರಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾರು, ಮಕ್ಕಳೆಲ್ಲ ಬೆಂಗಳೂರಲ್ಲಿದ್ದು ಒಬ್ಬರೇ ಇರುವ ಅಮ್ಮ ಯಾವ ಮನೆಯವರು. ಇನ್ನೊಂದು ಕಡೆ, ಜೀಪು ಯಾರದ್ದು, ಬಿದ್ದ ಮರ ಕೊಯ್ಯುವ ಮಷೀನ್ ಯಾರ ಹತ್ತಿರ ಇದೆ, ಈಜು ಬರುವವರು ಯಾರು, ಶಾಲೆ ಬೀಗದ ಕೈ ರಾತ್ರಿ ಹೊತ್ತು ಯಾರ ಮನೆಯಲ್ಲಿರುತ್ತದೆ. ಬೀಗದ ಕೈ ವಿಷಯ ಸಣ್ಣದು ಅನ್ನಿಸಬಹುದು. ಮಧ್ಯರಾತ್ರಿ ಧರೆ ಕುಸಿದು ನಾಲ್ಕು ಮನೆಯವರು ಶಾಲೆಗೆ ಬರಬೇಕಾದರೆ ಮೊದಲು ಬೇಕಾಗುವುದು ಅದೇ.

ಊರವರಿಗೆ ನಾವು ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದು ಜಾಸ್ತಿ. ಹಳ್ಳಕ್ಕೆ ಯಾರಾದರೂ ಬಿದ್ದರೆ ಹಾರಬಾರದು, ಉದ್ದದ್ದೇನಾದರೂ ಚಾಚಬೇಕು, ಇಲ್ಲ ತೇಲುವಂಥದ್ದು ಎಸೆಯಬೇಕು ಎಂದು ನಾವು ತರಬೇತಿಯಲ್ಲಿ ಕೇಳಿದ್ದನ್ನು ಹೇಳಿದಾಗ, ಅಡಿಕೆ ಕೊನೆ ಕೊಯ್ಯುವ ಕೊನೆಗಾರರೊಬ್ಬರು ಎದ್ದು ಹೋಗಿ ತಮ್ಮ ಉದ್ದನೆಯ ದೋಟಿ ತಂದು ತೋರಿಸಿದರು. ಇದಕ್ಕಿಂತ ಉದ್ದದ್ದು ಬೇಕಾ? ಆವತ್ತೇ ಹಳ್ಳ ದಾಟುವ ಕಾಲುಸಂಕದ ಎರಡೂ ಕಡೆ ಒಂದೊಂದು ಹಳೇ ದೋಟಿ, ಹಗ್ಗ ಕಟ್ಟಿದ ಖಾಲಿ ಕ್ಯಾನು ಇಡುವುದು ಎಂದಾಯಿತು. ಮಕ್ಕಳು ಶಾಲೆಗೆ ಹೋಗುವುದು ಆ ಸಂಕದ ಮೇಲೇ.

ಬಾವಿ ನೀರು ಶುದ್ಧ ಮಾಡುವ ಲೆಕ್ಕ ಹೇಳಿಕೊಟ್ಟವರು ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ. ಸಾವಿರ ಲೀಟರ್‌ಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 12,500 ಲೀಟರ್, ಅಂದರೆ 31 ಗ್ರಾಂ ಪುಡಿ. ಬಕೆಟ್ಟಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಬೇಕು, ಆಮೇಲೆ ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ಹೈಸ್ಕೂಲಿನ ಪೈ ಆರ್ ಸ್ಕ್ವೇರ್ ಯಾಕೆ ಕಲಿತೆವು ಎಂದು ನನಗೆ ಅರ್ಥವಾಗಿದ್ದು ಆ ಬಾವಿಕಟ್ಟೆಯ ಮೇಲೆ.

ಒಂದು ಸಂಜೆ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಬಂದು ಹುಡುಗಿಯರ ಜೊತೆ ಮಾತಾಡಿದರು. 112ಕ್ಕೆ ಫೋನ್ ಮಾಡಿ ಎಂದರು. ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡಬೇಕು ಮೇಡಂ ಎಂದು ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಅವರು ಅದನ್ನು ಹಾಗೇ ಬಿಡಲಿಲ್ಲ. ಮರುದಿನ ಆ ಹುಡುಗಿಯರ ಜೊತೆ ನಾವು ಬಸ್‌ಸ್ಟಾಪಿನಿಂದ ಮನೆವರೆಗೆ ನಡೆದೆವು. ಎಲ್ಲಿ ಸಿಗ್ನಲ್ ಹೋಗುತ್ತದೆ, ಎಲ್ಲಿ ಕತ್ತಲೆ, ಕೂಗಿದರೆ ಯಾವ ಮನೆಗೆ ಕೇಳಿಸುತ್ತದೆ, ಎಲ್ಲ ಅದೇ ನಕ್ಷೆಗೆ ಸೇರಿತು. ಕೊನೆ ಬಸ್ಸಿನಲ್ಲಿ ಬರುವ ಹುಡುಗಿ ಇನ್ನೂ ಬಂದಿಲ್ಲ ಎಂದು ಗಮನಿಸಿ ಬ್ಯಾಟರಿ ಹಿಡಿದು ಹೊರಡುವವರು ಯಾರು ಎಂದು ಹೆಸರು ಬರೆದೆವು. ಹೆಸರು ಬರೆಯದಿದ್ದರೆ ಯಾರೋ ಹೋಗಿರಬಹುದು ಎಂದು ಎಲ್ಲರೂ ಸುಮ್ನೆ ಕೂರುತ್ತಾರೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲು ಕ್ವಾರಿ ಬಳಿ ಸ್ಫೋಟವಾದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಭೂಕಂಪ ಅಂದುಕೊಂಡು ಹೊರಗೆ ಓಡಿಬಂದರು. ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ನಲ್ಲಿ ಇಂಥ ಹೊತ್ತಿಗೆ ಇನ್ನೊಂದು ಆಗುತ್ತದೆ ಎಂಬ ಮೆಸೇಜು. ಭೂಕಂಪ ಯಾವಾಗ ಆಗುತ್ತದೆ ಎಂದು ಮೊದಲೇ ಹೇಳಲು ಪ್ರಪಂಚದಲ್ಲಿ ಯಾರಿಗೂ ಆಗುವುದಿಲ್ಲ, ಇದು ಸುಳ್ಳು ಎಂದು ನಮ್ಮ ಗುಂಪಿನವರು ಅವರವರ ಬೀದಿಯಲ್ಲಿ ಹೇಳಿದರು. ನಮ್ಮ ಪಕ್ಕದ ಮನೆ ಅಜ್ಜಿಗೆ ಬಿಪಿ ಇದೆ, ಮಾತ್ರೆ ಎಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಚಳಿಯಲ್ಲಿ ನಿಂತಿದ್ದ ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದೆ.

ಆ ಹಳ್ಳಿಯಲ್ಲಿ 2020ರ ಮಳೆಗಾಲದಲ್ಲಿ ನೋಟ್‌ಬುಕ್ ಕೆಲಸಕ್ಕೆ ಬಂತು. ಸಂಕದ ಆಚೆ ಇದ್ದ ಗರ್ಭಿಣಿಯನ್ನು ಹಳ್ಳ ತುಂಬುವ ಮೊದಲೇ ರಸ್ತೆ ಪಕ್ಕದ ನೆಂಟರ ಮನೆಗೆ ಕರೆತಂದಿದ್ದರು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಆಶಾ ಅಕ್ಕ ಫೋನ್ ಮಾಡಿ ಹೇಳಿದಾಗ ನಾನು ಮೇಡಂಗೆ ಫೋನ್ ಮಾಡಿದೆ, ಅವರಿಗೆ ಒಂದು ಕ್ಷಣ ಮಾತೇ ಬರಲಿಲ್ಲ.

ಈಗಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರಿಗೆ ನಾನು ಕೇಳುವುದು ಒಂದೇ. ಆ ನೋಟ್‌ಬುಕ್ಕಿನ ಜೆರಾಕ್ಸ್ ನನ್ನ ಹತ್ತಿರ ಇದೆ. ಅದರಲ್ಲಿರುವ ಅಜ್ಜ ಅಜ್ಜಿಯರು ಕೆಲವರು ಈಗಿಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ, ಹೊಸ ಮನೆಗಳು ಬಂದಿವೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅದನ್ನು ಹೊಸದಾಗಿ ಬರೆಯಬೇಕು. ಬರುವ ಮೇನಲ್ಲಿ ನಾನು ರಜೆ ಹಾಕಿ ಬರುತ್ತೇನೆ, ನೀವೂ ಬನ್ನಿ. ಸಂಕದ ಆಚೆಯ ಮನೆಗಳಿಂದ ಶುರು ಮಾಡೋಣ.