ಮಗಳು ಕೇಳಿದ ಕಾರ್ಗಿ

ಬೇಸಿಗೆ ರಜೆ ಶುರುವಾದ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು, ಕಾರ್ಗಿ. ಮಗಳು ಈಗಷ್ಟೇ ನಾಲ್ಕನೇ ಕ್ಲಾಸು ಮುಗಿಸಿದ್ದಾಳೆ. ಅಪ್ಪನ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಆ ನಾಯಿ ನಡೆಯುವ ಹಾಗೆ ಜಗಲಿಯಲ್ಲಿ ನಡೆದು ತೋರಿಸುತ್ತಾಳೆ. ನನಗೂ ಇಷ್ಟವೇ. ದೊಡ್ಡ ಕಿವಿ, ನರಿಯ ಹಾಗಿನ ಮುಖ, ಯಾರಿಗೆ ಬೇಡ ಅನಿಸುತ್ತದೆ ಹೇಳಿ?

ಆದರೆ ನಾವಿರುವುದು ಮಲೆನಾಡಿನ ಮೇಗರವಳ್ಳಿಯ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ನಾಯಿ ತಂದರೆ ಹನ್ನೆರಡು ಹದಿಮೂರು ವರ್ಷ ನಮ್ಮ ಜೊತೆ ಇರುವ ಜೀವ ಅದು. ಸುಮ್ನೆ ಹೂಂ ಅನ್ನಲು ಮನಸ್ಸು ಬರಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಗೆಳತಿಯ ಮನೆಯಲ್ಲಿ ಐದು ವರ್ಷದ ಕಾರ್ಗಿ ಇದೆ. ಹೆಸರು ಲಡ್ಡು. ಹೋದ ಭಾನುವಾರ ಅತ್ತೆಯನ್ನೂ ಕರೆದುಕೊಂಡು ನೋಡಲು ಹೋದೆವು.

ಗೇಟು ತೆಗೆಯುವ ಮೊದಲೇ ಬೊಗಳು ಕೇಳಿಸಿತು. ಅಷ್ಟು ಗಿಡ್ಡ ಮೈಯಿಂದ ಅಷ್ಟು ದೊಡ್ಡ ಸದ್ದು! ಹತ್ತು ನಿಮಿಷದಲ್ಲಿ ಮಗಳ ಕಾಲ ಮೇಲೆ ತಲೆ ಇಟ್ಟು ಮಲಗಿತು. ಎದ್ದಾಗ ಅವಳ ಕಪ್ಪು ಪ್ಯಾಂಟು ಪೂರ್ತಿ ಕೂದಲು. ಗೆಳತಿ ಬಾಚಣಿಗೆ ತಂದು ಬೆನ್ನಿನ ಮೇಲೆ ನಾಲ್ಕು ಸಲ ಎಳೆದಳು. ಅಂಗೈ ತುಂಬಾ ಹತ್ತಿಯಂಥ ಉಂಡೆ ಬಂತು. ಕಾರ್ಗಿಗೆ ಎರಡು ಪದರ ಕೂದಲು, ಮೇಲೆ ಒರಟು, ಕೆಳಗೆ ಮೆತ್ತಗೆ ದಟ್ಟ. ವರ್ಷವಿಡೀ ಉದುರುತ್ತದೆ, ವರ್ಷಕ್ಕೆರಡು ಸಲ ವಿಪರೀತ. ಒದ್ದೆಯಾದರೆ ಒಳಪದರ ಬೇಗ ಆರುವುದಿಲ್ಲವಂತೆ. ಅಲ್ಲಿಗೆ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈಯಲ್ಲಿ ನಮ್ಮ ಟವೆಲ್ಲೇ ಒಣಗುವುದಿಲ್ಲ, ಒಲೆಯ ಮೇಲೆ ಹರವುತ್ತೇವೆ.

ಆಮೇಲೆ ಗೆಳತಿಯ ಮಗನೂ ನನ್ನ ಮಗಳೂ ಹಾಲ್‌ನಲ್ಲಿ ಓಡಾಡತೊಡಗಿದರು. ಲಡ್ಡು ಹಿಂದೆ ಬಿದ್ದು ಹಿಮ್ಮಡಿಗೆ ಬಾಯಿ ಹಾಕಿತು. ಹಲ್ಲು ಊರಲಿಲ್ಲ, ಕಾಲುಚೀಲ ಹಿಡಿದು ಎಳೆಯಿತು. ಇದು ಸಿಟ್ಟಲ್ಲ, ಅದರ ಹುಟ್ಟು ಕಸುಬು ಎಂದಳು ಗೆಳತಿ. ಬ್ರಿಟನ್ನಿನ ವೇಲ್ಸ್‌ನಲ್ಲಿ ದನ ಅಟ್ಟಲು ಸಾಕಿದ ತಳಿ ಇದು. ಹಿಂದಿನಿಂದ ಹಿಮ್ಮಡಿ ಕಚ್ಚಿ ದನ ನಡೆಸುತ್ತದೆ, ದನ ಒದ್ದರೆ ಕಾಲು ಇದರ ತಲೆಯ ಮೇಲಿಂದ ಹೋಗುತ್ತದೆ. ಅದಕ್ಕೇ ಈ ಗಿಡ್ಡ ಕಾಲು. ಬಾಲ ಉದ್ದ ಇರುವುದು ಕಾರ್ಡಿಗನ್, ಲಡ್ಡುವಿನ ಹಾಗೆ ಮೋಟು ಬಾಲದ್ದು ಪೆಂಬ್ರೋಕ್. ಎಲಿಜಬೆತ್ ರಾಣಿಗೆ 1944ರಲ್ಲಿ, ಹದಿನೆಂಟು ತುಂಬಿದಾಗ, ಸಿಕ್ಕಿದ ಸೂಸನ್ ಕೂಡ ಪೆಂಬ್ರೋಕೇ.

ಅತ್ತೆ ಅಷ್ಟೂ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು. "ನಮ್ಮ ದನವೂ ಗಿಡ್ಡವೇ ಅಲ್ದನೆ ಮಾರಾಯ್ತಿ. ಗೌರಿ ಒದ್ದರೆ ಸೀದಾ ಇದರ ಮುಖಕ್ಕೇ."

ನನಗೆ ಇದು ಹೊಳೆದೇ ಇರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ ತಳಿಯ ದನ ಇವೆ. ಗೌರಿ ಹಾಲು ಕರೆಯುವಾಗಲೇ ಕಾಲು ಬೀಸುವವಳು.

ಹೊರಡುವ ಮೊದಲು ಲಡ್ಡುವಿನ ಎದೆಯ ಕೆಳಗೆ ಕೈ ಇಟ್ಟು ನೋಡಿದೆ. ನೆಲಕ್ಕೂ ಎದೆಗೂ ನಡುವೆ ನನ್ನ ಒಂದು ಅಂಗೈ ಅಡ್ಡ ಹಿಡಿಯುವಷ್ಟು ಜಾಗ, ಅಷ್ಟೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಅಂಗೈಯನ್ನೇ ನೋಡಿಕೊಂಡು ಬಂದೆ. ಮನೆಗೆ ಬಂದವಳೇ ಅದೇ ಎತ್ತರದಲ್ಲಿ ನಮ್ಮ ಜಾಗವನ್ನು ನೋಡತೊಡಗಿದೆ. ಬೇಲಿಯ ದಣಪೆಯಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಒಣಗಿದೆಲೆಯ ದರಗು. ಈ ದರಗಿನಲ್ಲೇ ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ನಮ್ಮ ಕಡೆ ಬೇಸಿಗೆಯ ಭಯ, ಹರಡುವುದು ಉಣುಗಿನಿಂದಲೇ. ಆ ಹೊಟ್ಟೆ ದರಗು ಸವರಿಕೊಂಡು ಬಂದು ಮಗಳ ಹಾಸಿಗೆ ಹತ್ತಿದರೆ? ಮಳೆ ಹಿಡಿದ ಮೇಲೆ ರಕ್ತ ಹೀರುವ ಇಂಬಳ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದಾಗ ಮೈಲುತುತ್ತದ ವಿಷದ ನೀರು ಹುಲ್ಲಿಗೆಲ್ಲ ಸುರಿಯುತ್ತದೆ. ಎತ್ತರದ ನಾಯಿಗೆ ಕಾಲಷ್ಟೇ ಒದ್ದೆ. ಇದಕ್ಕೆ ಎದೆ, ಹೊಟ್ಟೆ ಎಲ್ಲ. ಆಮೇಲೆ ಅದು ಮೈ ನೆಕ್ಕಿಕೊಳ್ಳುತ್ತದೆ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೆನ್ನು. ಉದ್ದ ಮೈ, ಗಿಡ್ಡ ಕಾಲು. ಎತ್ತರದಿಂದ ಹಾರಿ ಹಾರಿ ಬೆನ್ನುಮೂಳೆಯ ಡಿಸ್ಕ್ ಜಾರಿದರೆ ಹಿಂಗಾಲಿನ ಸ್ವಾಧೀನವೇ ಹೋಗಬಹುದು. ಗೆಳತಿ ಸೋಫಾಕ್ಕೂ ಇಳಿಜಾರು ಹಲಗೆ ಇಟ್ಟಿದ್ದಾಳೆ, ಅನ್ನ ಅಳತೆ ಮಾಡಿ ಹಾಕುತ್ತಾಳೆ. ತೂಕ ಏರಿದರೆ ಬೆನ್ನಿಗೇ ಏಟು. ನಮ್ಮ ಜಗಲಿಯಿಂದ ಅಂಗಳಕ್ಕೆ ಐದು ಕಲ್ಲು ಮೆಟ್ಟಿಲು, ಮಳೆಗಾಲದಲ್ಲಿ ಹಾವಸೆ ಕಟ್ಟಿ ನಾವೇ ಜಾರುತ್ತೇವೆ. ತೋಟದ ತುಂಬಾ ಬಸಿಗಾಲುವೆ. ಅತ್ತೆಯ ಕೈಯಲ್ಲಿ ಯಾವಾಗಲೂ ಕಡುಬಿನ ಚೂರೋ ದೋಸೆಯೋ ಇರುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಎರಡು ಗಂಟೆಗೂ ಮೇಲಿನ ದಾರಿ, ಅದೂ ಮರ ಬಿದ್ದು ರಸ್ತೆ ಬಂದ್ ಆಗದಿದ್ದರೆ.

ಪೇಟೆಯಲ್ಲಿ, ಒಂದೇ ಅಂತಸ್ತಿನ ಮನೆಯಲ್ಲಿ, ದಿನಾ ಬಾಚಿ, ಎರಡು ಹೊತ್ತು ನಡೆಸುವವರಿದ್ದರೆ ಕಾರ್ಗಿ ಒಳ್ಳೆಯ ನಾಯಿ. ಬುದ್ಧಿ ಚುರುಕು, ಹೇಳಿಕೊಟ್ಟಿದ್ದು ಬೇಗ ಕಲಿಯುತ್ತದೆ, ಮನೆಯವರೆಂದರೆ ಪ್ರಾಣ. ತೀರಾ ಚಿಕ್ಕ ಮಕ್ಕಳಿದ್ದರೆ ಹಿಮ್ಮಡಿ ಹಿಡಿಯುವ ಚಟವನ್ನು ಮರಿಯಲ್ಲೇ ಬಿಡಿಸಬೇಕು.

ರಾತ್ರಿ ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಬೇಡ ಅಂದೆ. ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಆಮೇಲೆ ಅವಳೇ ಅಂಗೈ ಅಡ್ಡ ಹಿಡಿದು ಮೆಟ್ಟಿಲಿಗೆ ಇಟ್ಟು ನೋಡಿದಳು. ಒಂದು ಮೆಟ್ಟಿಲಿಗೆ ಎರಡು ಅಂಗೈ. ಮಾತಾಡಲಿಲ್ಲ.

ಬೆಳಗ್ಗೆ ಗೆಳತಿಗೆ ಫೋನ್ ಮಾಡಿದೆ. ತಿಂಗಳಿಗೊಂದು ಭಾನುವಾರ ಲಡ್ಡುವನ್ನು ಬಾಚುವ ಕೆಲಸ ಮಗಳದ್ದು ಅಂತ ಮಾತಾಯಿತು. ಈಗ ಅವಳು ಕ್ಯಾಲೆಂಡರ್ ಕೆಳಗಿಳಿಸಿಕೊಂಡು ಕೂತಿದ್ದಾಳೆ. ಮೊದಲ ಬಸ್ಸಿಗೇ ಹೋಗೋಣ ಅನ್ನುತ್ತಿದ್ದಾಳೆ.