ನೆಲದಡಿ ಮಲಗಿರುವ ಹೆಂಗಸು

ಭೂಮಿಯ ಒಡಲಿನಲ್ಲಿರುವ ಅನಿಲವನ್ನು ಕಂಪನಿಗಳ ವರದಿಗಳು ಘನ ಅಡಿಗಳಲ್ಲಿ ಅಳೆಯುತ್ತವೆ. ಎಡ್ವಿನ್ ಲೀ ಮಲ್ಲಿಗನ್ ಅವರ ಕವಿತೆಯಲ್ಲಿ ಅದೇ ಅನಿಲ ಒಬ್ಬ ಹೆಂಗಸು. ಡುಂಗ್‌ಕಬಾ ಎಂಬುದು ಅವಳ ಹೆಸರು. ನೆಲದಡಿ ಮಲಗಿರುವ, ಮೈತುಂಬ ವಿಷವಿರುವ ಅವಳನ್ನು ಕೆಣಕಿದರೆ ಕೇಡು ತಪ್ಪಿದ್ದಲ್ಲ. ಮಲ್ಲಿಗನ್ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ, ವಲ್ಮಜರ್ರಿ ಮತ್ತು ನ್ಯಿಕಿನ ಎಂಬ ಮೂಲನಿವಾಸಿ ಸಮುದಾಯಗಳ ಮೂಲದ ಚಿತ್ರಕಾರ ಮತ್ತು ಕವಿ. 'ಕಟ್ ದ ಸ್ಕೈ' ಎಂಬ ನೃತ್ಯರಂಗ ಕೃತಿಯಲ್ಲಿ ಅವರು ತಮ್ಮ ಕವಿತೆಯನ್ನು ತಾವೇ ರಂಗದ ಮೇಲೆ ನಿಂತು ಹೇಳುತ್ತಾರೆ. ನಟನೊಬ್ಬ ಕಂಠಪಾಠ ಮಾಡಿ ಒಪ್ಪಿಸುವ ಧಾಟಿ ಅಲ್ಲಿಲ್ಲ. ಮನೆಯ ಹಿರಿಯಳೊಬ್ಬಳ ಸಿಟ್ಟಿನ ಬಗ್ಗೆ ಬಂದ ನೆಂಟರಿಗೆ ತಗ್ಗಿದ ದನಿಯಲ್ಲಿ ಮುನ್ಸೂಚನೆ ಕೊಡುವವರ ಧಾಟಿಯಿದೆ.

ಈ ಕೃತಿಯನ್ನು ನಾನು ಸಭಾಂಗಣದಲ್ಲಿ ಕುಳಿತು ನೋಡಿಲ್ಲ, ದೃಶ್ಯಮುದ್ರಿಕೆಯ ತುಣುಕುಗಳಲ್ಲಿ ಮಾತ್ರ ನೋಡಿದ್ದೇನೆ. ಹಾಗಿದ್ದರೂ ಅದು ನನ್ನನ್ನು ಬಹಳ ದಿನ ಬಿಡಲಿಲ್ಲ. ಬ್ರೂಮ್ ಪಟ್ಟಣವನ್ನು ಒಂದು ನೆಲೆಯಾಗಿಸಿಕೊಂಡಿರುವ ಮರ್ರುಗೆಕು ತಂಡ ಇದನ್ನು 2015ರಲ್ಲಿ ಪರ್ತ್ ಉತ್ಸವದಲ್ಲಿ ಮೊದಲು ಪ್ರದರ್ಶಿಸಿತು. ಹವಾಮಾನದ ಏರುಪೇರಿನಿಂದ ನೆಲೆ ಕಳೆದುಕೊಂಡ ಕೆಲವರು ಮತ್ತೊಂದು ಚಂಡಮಾರುತದ ಎದುರು ನಿಂತಿದ್ದಾರೆ ಎಂಬಲ್ಲಿಂದ ಕಥೆ ತೊಡಗುತ್ತದೆ. ಅಲ್ಲಿಂದ ಮುಂದೆ ಕಾಲ ನೇರವಾಗಿ ಸಾಗುವುದಿಲ್ಲ, ಹಿಂದಕ್ಕೂ ಮುಂದಕ್ಕೂ ತುಯ್ಯುತ್ತದೆ. ಪರಿಸರ ವಿನಾಶದ ಕಥೆಗಳು ಸಾಮಾನ್ಯವಾಗಿ ಭವಿಷ್ಯದಲ್ಲಿ ನಡೆಯುತ್ತವೆ. ಆದರೆ ನೆಲ ಕೈತಪ್ಪುವ ದುರಂತವನ್ನು ಆಗಲೇ ಒಮ್ಮೆ ಉಂಡು ಉಳಿದಿರುವ ಜನರಿಗೆ ಅದು ಬರಲಿರುವ ಸುದ್ದಿಯಾಗಿ ಮಾತ್ರ ಇರಲಾರದು, ನೆನಪಾಗಿಯೂ ಇರುತ್ತದೆ. ಕೃತಿಯ ಕಾಲ ಹಾಗೆ ತುಯ್ಯುವುದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ.

ಆ ನೆನಪಿನ ನಟ್ಟನಡುವೆ ಇರುವುದು ನೂನ್‌ಕನ್‌ಬಾ, ಮಲ್ಲಿಗನ್ ಅವರ ಸ್ವಂತ ಸೀಮೆ. ಅಲ್ಲಿನ ಯುಂಗ್‌ಗೋರ ಸಮುದಾಯಕ್ಕೆ ಪವಿತ್ರವಾದ, ಉಡದ ಚೇತನ ನೆಲೆಸಿದೆ ಎಂದು ಅವರು ನಂಬುವ ಜಾಗದಲ್ಲಿ ಆಮ್ಯಾಕ್ಸ್ ಎಂಬ ಕಂಪನಿ ತೈಲ ಹುಡುಕಲು ಬಾವಿ ಕೊರೆಯಲು ಹೊರಟಿತು. ಸಮುದಾಯ ಒಪ್ಪಲಿಲ್ಲ; ಕಾರ್ಮಿಕ ಸಂಘಟನೆಗಳೂ ಅವರ ಜೊತೆಗೆ ನಿಂತವು. ಆಗ ಚಾರ್ಲ್ಸ್ ಕೋರ್ಟ್ ಅವರ ರಾಜ್ಯ ಸರ್ಕಾರ ಪಟ್ಟು ಹಿಡಿಯಿತು. 1980ರ ಆಗಸ್ಟಿನಲ್ಲಿ ಕೊರೆಯುವ ಯಂತ್ರವನ್ನು ಬಿಡಿಬಿಡಿಯಾಗಿ ಹೊತ್ತ ಹತ್ತಾರು ಲಾರಿಗಳ ಸಾಲು ಪೊಲೀಸ್ ಬೆಂಗಾವಲಿನಲ್ಲಿ ಪರ್ತ್‌ನಿಂದ ಉತ್ತರಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತು. ದಾರಿಯುದ್ದಕ್ಕೂ ಪ್ರತಿಭಟನೆ ನಡೆಯಿತು, ಬಂಧನಗಳಾದವು, ಕೊನೆಗೂ ಬಾವಿ ಕೊರೆದರು. ವಾಣಿಜ್ಯಕ್ಕೆ ಸಾಲುವಷ್ಟು ತೈಲ ಅಲ್ಲಿ ಸಿಗಲಿಲ್ಲ. ಈ ಕೊನೆಯ ಸಂಗತಿಯನ್ನು ಮೊದಲ ಸಲ ಓದಿದಾಗ ನಾನು ಪುಟವನ್ನು ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದ್ದೆ, ಇಷ್ಟೆಲ್ಲ ಆಗಿದ್ದು ಇದಕ್ಕೇನೇ ಎಂದು. ಅದೇ ವರ್ಷ ಮೂಲನಿವಾಸಿಗಳ ನಿಯೋಗವೊಂದು ಜಿನೀವಾಕ್ಕೆ ಹೋಗಿ ವಿಶ್ವಸಂಸ್ಥೆಯ ಮುಂದೆ ಈ ಅಹವಾಲನ್ನು ಇಟ್ಟಿತು.

ಮೂರು ದಶಕಗಳ ನಂತರ ಬ್ರೂಮ್‌ನ ಉತ್ತರಕ್ಕೆ, ನಕಾಶೆಯಲ್ಲಿ ಜೇಮ್ಸ್ ಪ್ರೈಸ್ ಪಾಯಿಂಟ್ ಎಂದೂ ಅಲ್ಲಿನವರ ಬಾಯಲ್ಲಿ ವಲ್ಮಡನ್ ಎಂದೂ ಇರುವ ಕರಾವಳಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಕಡಲಾಳದ ಅನಿಲವನ್ನು ದಡಕ್ಕೆ ತಂದು ದ್ರವೀಕರಿಸುವ ಬೃಹತ್ ಸ್ಥಾವರದ ಯೋಜನೆ ಊರನ್ನು, ಎಷ್ಟೋ ಮನೆಗಳನ್ನೂ, ಎರಡಾಗಿ ಸೀಳಿತು. ಯೋಜನೆ ಬಂದರೆ ಉದ್ಯೋಗ, ಶಾಲೆ, ಆಸ್ಪತ್ರೆ ಬರುತ್ತವೆ ಎಂದು ಒಪ್ಪಿದವರೂ ಮೂಲನಿವಾಸಿಗಳೇ, ಸುತರಾಂ ಕೂಡದು ಎಂದವರೂ ಅವರೇ. ಹೊರಗಿನಿಂದ ನೋಡುವ ನಮ್ಮಂಥವರು ಇದನ್ನು ಮರೆತು 'ಮೂಲನಿವಾಸಿಗಳ ಒಕ್ಕೊರಲ ವಿರೋಧ' ಎಂದು ಸಲೀಸಾಗಿ ಬರೆದುಬಿಡುತ್ತೇವೆ. 2013ರ ಏಪ್ರಿಲ್‌ನಲ್ಲಿ ವುಡ್‌ಸೈಡ್ ಕಂಪನಿ ಆ ಜಾಗದ ಯೋಜನೆಯನ್ನು ಕೈಬಿಟ್ಟಿತು. ಅದಾಗಿ ಎರಡು ವರ್ಷಗಳೂ ತುಂಬುವ ಮೊದಲೇ ಈ ಕೃತಿ ರಂಗಕ್ಕೆ ಬಂತು.

'ಅಂತರ್‌ಸಾಂಸ್ಕೃತಿಕ' ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ ಇದೆ. ಒಂದಿಷ್ಟು ಅಲ್ಲಿನ ವೇಷ, ಒಂದಿಷ್ಟು ಇಲ್ಲಿನ ತಾಳ ಬೆರೆಸಿ ಉತ್ಸವಗಳಿಗೆ ಸಾಗಿಸುವ ಸರಕಿಗೂ ಇದೇ ಹೆಸರು ಅಂಟುತ್ತದೆ. ಮರ್ರುಗೆಕುವಿನಲ್ಲಿ ಆ ಮಾತಿಗೆ ಬೆವರಿನ ವಾಸನೆಯಿದೆ. ನಿರ್ದೇಶಕಿ ರೇಚಲ್ ಸ್ವೇನ್ ಯುರೋಪಿಯನ್ ಮೂಲದವರು. ನೃತ್ಯ ಸಂಯೋಜಕಿ ದಲೀಸಾ ಪಿಗ್ರಮ್ ಬ್ರೂಮ್‌ನ ಯಾವುರು ಮತ್ತು ಬಾರ್ಡಿ ಎಂಬ ಮೂಲನಿವಾಸಿ ಸಮುದಾಯಗಳವರು. ಅವರ ಜೊತೆ ನೃತ್ಯ ಸಂಯೋಜಿಸಿದ ಸೆರ್ಜ್ ಎಮೆ ಕೂಲಿಬಲಿ ಬುರ್ಕಿನಾ ಫಾಸೊ ದೇಶದವರು. ಸಾಂಸ್ಕೃತಿಕ ಮಾರ್ಗದರ್ಶನ ಯಾವುರು ಹಿರಿಯರಾದ ಪ್ಯಾಟ್ರಿಕ್ ಡಾಡ್ಸನ್ ಅವರದು. ಯಾವ ಕಥೆಯನ್ನು ಯಾರು ಹೇಳಬಹುದು, ಯಾವ ಹೆಜ್ಜೆಯನ್ನು ಯಾರ ಅನುಮತಿ ಪಡೆದು ಹಾಕಬೇಕು ಎಂಬುದು ಇಂಥ ತಂಡದಲ್ಲಿ ಶಿಷ್ಟಾಚಾರದ ಮಾತಾಗಿ ಮುಗಿಯುವುದಿಲ್ಲ, ತಾಲೀಮಿನ ಒಂದು ಭಾಗವೇ ಆಗುತ್ತದೆ. ಕೇಳದೆ ನೆಲ ಕೊರೆಯುವುದರ ಕುರಿತಾದ ಕೃತಿಯೊಂದು ಕೇಳದೆ ಕಥೆಯನ್ನು ಎತ್ತಿಕೊಂಡಿದ್ದರೆ ಅದರ ಬುಡವೇ ಕುಸಿಯುತ್ತಿತ್ತು.

ಪಿಗ್ರಮ್ ಅವರ ನರ್ತನವನ್ನು ಹತ್ತಿರದಿಂದ ತಿಳಿಯಬೇಕೆಂದರೆ ಅವರ ಏಕವ್ಯಕ್ತಿ ಪ್ರದರ್ಶನ 'ಗುದಿರ್ ಗುದಿರ್' ಅನ್ನೂ ನೋಡಬೇಕು. ಬ್ರೂಮ್‌ನಲ್ಲಿ ಕಡಲಿನ ಏರಿಳಿತ ಹತ್ತು ಮೀಟರಿನವರೆಗೂ ಹೋಗುತ್ತದೆ. ಇಳಿತದಲ್ಲಿ ದೂರದವರೆಗೆ ಬಯಲಾಗುವ ಕೆಸರುನೆಲದ ಮೇಲೆ ನಡೆದು ಹೋದವರು ನೀರು ತಿರುಗುವ ಹೊತ್ತನ್ನು ಅರಿಯದಿದ್ದರೆ ಮುಳುಗುತ್ತಾರೆ. ಆ ಹೊತ್ತನ್ನು ಗುವಾಯಿ ಎಂಬ ಹಕ್ಕಿ ಕೂಗಿ ತಿಳಿಸುತ್ತದೆ. ರಂಗದ ಮೇಲೆ ತೂಗುಬಿಟ್ಟ ಉದ್ದನೆಯ ಮೀನುಬಲೆಯನ್ನು ಆಕೆ ಏರುತ್ತಾರೆ, ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ. ಆ ಒಂದು ದೇಹದಲ್ಲಿ ಹಿಡಿದ ಮೀನೂ ಹಿಡಿಯುವ ಕೈಯೂ ಎಚ್ಚರಿಸುವ ಹಕ್ಕಿಯೂ ಸರದಿಯಂತೆ ಬಂದುಹೋಗುತ್ತವೆ. ಬದುಕುಳಿಯುವುದು ಎಂದರೆ ಆ ಕೂಗು ಕಿವಿಗೆ ಬೀಳುವಷ್ಟು ಹೊತ್ತು ಸುಮ್ಮನಿರಬಲ್ಲದ್ದು ಎಂದು ನನಗೆ ಹೊಳೆದದ್ದು ಆ ಬಲೆಯನ್ನು ನೋಡುತ್ತಿರುವಾಗ.

ಆ ಮೌನವೇ 'ಕಟ್ ದ ಸ್ಕೈ'ನಲ್ಲಿ ಅಲ್ಲಲ್ಲಿ ಕಡಿಮೆಯಾಯಿತು ಎಂಬುದು ನನ್ನ ತಕರಾರು. ಹಾಡು, ಕವಿತೆ, ಪರದೆಯ ಮೇಲಿನ ಚಿತ್ರಗಳು, ಗಣಿ ರಾಜಕೀಯ, ಚಂಡಮಾರುತ ಎಲ್ಲವೂ ಒಟ್ಟಿಗೆ ನುಗ್ಗುವ ಕಡೆಗಳಲ್ಲಿ ನರ್ತಕರ ಮೈ ಹೇಳುತ್ತಿರುವುದು ಅರ್ಧಕ್ಕೇ ಕೇಳಿಸುತ್ತದೆ. ಮಲ್ಲಿಗನ್ ಮಾತಿಗೆ ತೊಡಗಿದೊಡನೆ ಮಾತ್ರ ಗದ್ದಲ ತಾನಾಗಿ ಇಳಿಯುತ್ತದೆ.

ವಲ್ಮಡನ್ ದಂಡೆಯ ಮರಳುಗಲ್ಲಿನಲ್ಲಿ ಸುಮಾರು 13 ಕೋಟಿ ವರ್ಷ ಹಿಂದಿನ ಡೈನೋಸಾರ್ ಹೆಜ್ಜೆಗಳಿವೆ. 2017ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿ 21 ಬಗೆಯ ಹೆಜ್ಜೆಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ಒಂದೂಮುಕ್ಕಾಲು ಮೀಟರಿನಷ್ಟು ಉದ್ದವಿವೆ. ಮೂರು ಬೆರಳಿನ ಗುರುತುಗಳನ್ನು ಅಲ್ಲಿನ ಗೂಲರಬುಲು ಜನ ಮರಾಲ ಎಂಬ ಎಮು ಹಕ್ಕಿ-ಮನುಷ್ಯನ ಹೆಜ್ಜೆಗಳೆಂದು ಮೊದಲಿನಿಂದಲೂ ಬಲ್ಲರು. ಸ್ಥಾವರ ಬರಲಿಲ್ಲವಾದ್ದರಿಂದ ಅವನ್ನು ಇಂದಿಗೂ ನೋಡಬಹುದು, ಕಡಲು ಇಳಿದಿರುವಷ್ಟು ಹೊತ್ತು.